ಅಣ್ಣನ ಬಾನೆಟ್ಟಿನ ಹಿಡಿ

ಪಾತ್ರೆ ತೊಳೆಯುವವರ ಗುಣವನ್ನು ಪಾತ್ರೆಯ ಹೊಟ್ಟೆ ನೋಡಿ ಹೇಳಲಾಗದು. ಹೊಟ್ಟೆಯನ್ನು ಯಾರು ಬೇಕಾದರೂ ಹುಣಿಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯಿಸುತ್ತಾರೆ. ಹಿಡಿಯನ್ನು ನೋಡಬೇಕು. ಹಿಡಿ ಬಂದು ಪಾತ್ರೆಯನ್ನು ಕೂಡುವ ಸಂದಿ ಇದೆಯಲ್ಲ, ಆ ಎರಡು ಮೊಳೆಗಳ ಬುಡ, ಅಲ್ಲಿ ಹೋದ ಯುಗಾದಿಯ ಒಬ್ಬಟ್ಟಿನ ಸಾರಿನ ಜಿಡ್ಡು ಈ ಯುಗಾದಿಗೂ ಹಾಯಾಗಿ ಕೂತಿರುತ್ತದೆ. ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಕಣ್ಣು ಹೋದರೆ ತಪ್ಪೇನಿಲ್ಲ; ಅದರ ಹಿಂದೆಯೇ ಕೈಯೂ ಹೋಗುತ್ತದೆ, ನನ್ನ ದೋಷ ಅದು. ಕ್ಷೇಮ ಸಮಾಚಾರ ಕೇಳಲು ಹೋದವಳು ಕೇಳುತ್ತಲೇ ಅವರ ಸೌಟನ್ನು ಮಡಿಲಿಗೆ ಎಳೆದುಕೊಂಡು ಉಗುರಿನಿಂದ ಕೆರೆಯಲು ಶುರು ಮಾಡಿರುತ್ತೇನೆ. ನನ್ನ ನಾದಿನಿಯ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದಾಗ ನಾನು ಅಡುಗೆ ಚಪ್ಪರದಲ್ಲಿ ಒಂದು ಕೊಳಗದ ಕಿವಿಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ಗಟ್ಟಿಮೇಳ ಕೇಳಿ ಓಡಿ ಬರುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ಕೊಳಗವಾದರೂ ನಮ್ಮದೇ? ಅಲ್ಲ, ಬಾಡಿಗೆಯದು.

'ಇವಳನ್ನ ದೇವಸ್ಥಾನಕ್ಕೆ ಕರ್ಕೊಂಡೋಗಕ್ಕೂ ಭಯ ಕಣ್ರೀ, ದೇವ್ರಿಗೆ ಹಚ್ಚಿರೋ ಎಣ್ಣೇನೂ ಒರೆಸಿಬುಡ್ತಾಳೆ' ಎಂದು ನಮ್ಮ ಯಜಮಾನರು ನೊಣವಿನಕೆರೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದಾರೆ. ಓದಿನಲ್ಲೂ ನನ್ನದು ಇದೇ ಕತೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಸ್ಲೇಟು ಒರೆಸುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಬರೆಯುವುದರಲ್ಲಿ ಮೀರಿಸಲು ಇಡೀ ಕ್ಲಾಸೇ ಇತ್ತು. ಹೀಗಿರುವವಳು ಬರೆಯಲು ಕೂತಿರುವುದು ಏಕೆಂದರೆ, ಒಂದು ಹಿಡಿಯ ವಿಷಯದಲ್ಲಿ ನನ್ನ ಕೈ ಮಾಡಿದ ಕೆಲಸ ಇನ್ನೂ ಮನಸ್ಸಿನ ಸಂದಿಯಲ್ಲಿ ಕೂತಿದೆ. ಅದನ್ನು ಯಾವ ನಾರಿನಿಂದ ತೆಗೆಯಬೇಕೋ ಗೊತ್ತಾಗಿಲ್ಲ.

ಹಿಡಿ ಎಂದರೆ ಪಾತ್ರೆಯದಲ್ಲ, ಬಂದೂಕಿನ ಮೂತಿಗೆ ಸಿಕ್ಕಿಸುವ ಚೂರಿಯದು. ಓದಿದವರು ಬಯೊನೆಟ್ ಎನ್ನುತ್ತಾರೆ, ನಮ್ಮ ಕಡೆ ಅದು ಬಾನೆಟ್ಟು. ನಮ್ಮ ಅಣ್ಣ ಬಸವರಾಜ ಮಿಲಿಟರಿಯಿಂದ ರಿಟೈರಾಗಿ ದಬ್ಬೇಘಟ್ಟದ ಪಕ್ಕದ ನನ್ನ ತೌರೂರಿಗೆ ಬರುವಾಗ ಒಂದು ತಗಡಿನ ಟ್ರಂಕು, ಚುಚ್ಚುವ ಕಂಬಳಿ, ಗೊರಗೊರ ಎನ್ನುವ ಟ್ರಾನ್ಸಿಸ್ಟರು, ಇವುಗಳ ಜೊತೆಗೆ ಈ ಬಾನೆಟ್ಟನ್ನೂ ತಂದ. ತಂದ ದಿನವೇ ಅವ್ವನಿಗೆ ಹೇಳಿದ್ದ: ದಂಡಿನ ಊರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು, ಹಿಡಿಗೆ ಹಾಕಿರುವುದು ಅಕ್ರೋಟಿನ ಮರ, ಬಲು ಗಟ್ಟಿ. ಅಲಗು ಮಾತ್ರ ಸೌತೆಕಾಯಿಯನ್ನೂ ಹೆಚ್ಚಲಾರದಷ್ಟು ಮೊಂಡು. ಅವ್ವನ ಪಕ್ಕದಲ್ಲಿ ಕೂತು ನಾನೂ ಕೇಳಿಸಿಕೊಂಡಿದ್ದೆ. ಊರಿನವರು ಕೇಳಲಿಲ್ಲ, ಆದ್ದರಿಂದ ಅಣ್ಣ ಅವರಿಗೆ ಹೇಳಲಿಲ್ಲ.

ನಡುಮನೆಯ ಅಟ್ಟದಲ್ಲಿ ಕೊಬ್ಬರಿಗೆ ಬಿಟ್ಟ ಕಾಯಿ ತುಂಬಿರುತ್ತಿತ್ತು. ಅದರ ಕೆಳಗಿನ ತೊಲೆಗೆ ಬಾನೆಟ್ಟು ನೇತಾಡುತ್ತಿತ್ತು. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಅದು ಕೆಳಗಿಳಿದು ಕುಡುಗೋಲು, ಮಚ್ಚು, ಕಾಯಿ ಸುಲಿಯುವ ಕಬ್ಬಿಣ, ಅಣ್ಣನ ಸೈಕಲ್ಲು ಇವುಗಳ ನಡುವೆ ಮದುವಣಿಗನ ಹಾಗೆ ಮಲಗುತ್ತಿತ್ತು. ಮೊದಲನೇ ವರ್ಷ ಅವ್ವ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಿಡಿಯ ಮೇಲೆ ಹೆಬ್ಬೆಟ್ಟು ಒತ್ತಿದಳು. ಅವ್ವನದು ರಾಗಿ ಬೀಸಿದ ಹೆಬ್ಬೆಟ್ಟು, ಸಣ್ಣದೇನಲ್ಲ. ಎಣ್ಣೆ ಮರಕ್ಕೆ ಇಳಿಯಿತು, ಕುಂಕುಮ ಎಣ್ಣೆಯ ಹಿಂದೆ ಇಳಿಯಿತು, ಅದರ ಮೇಲೆ ಅಟ್ಟದ ದೂಳು ಕೂತಿತು. ಮರುವರ್ಷ ಕೆಳಗಿಳಿಸಿದಾಗ ಅಲ್ಲೊಂದು ಕರಿಗೆಂಪು ಕಲೆ. ಪಕ್ಕದ ಮನೆಯ ರುದ್ರಣ್ಣ ಅದನ್ನು ನೋಡಿ ಧ್ವನಿ ತಗ್ಗಿಸಿ, 'ಬಸಣ್ಣ, ಇದೇನಿದು' ಎಂದ. ಅಣ್ಣ ಮೀಸೆ ಸವರಿಕೊಂಡು, 'ಬುಡಪ್ಪ, ಆ ಮಾತೆಲ್ಲ ಈಗ್ಯಾಕೆ' ಎಂದ.

ಅಷ್ಟೇ. ಅಣ್ಣ ಸುಳ್ಳು ಹೇಳಿದನೆಂದು ನಾನು ಯಾವ ದೇವರ ಮುಂದೆಯೂ ಹೇಳಲಾರೆ. ಅವನು ಮೀಸೆ ಸವರಿಕೊಂಡ, ಮಿಕ್ಕಿದ್ದನ್ನು ಊರು ನೋಡಿಕೊಂಡಿತು. ಸಂಜೆಯ ಹೊತ್ತಿಗೆ ಅದು ಶತ್ರುವಿನ ರಕ್ತವಾಗಿತ್ತು, ಮಾರನೇ ದಿನ ಶತ್ರುವಿಗೆ ಗಡ್ಡ ಬಂದಿತ್ತು, ವಾರದೊಳಗೆ ಅವನು ಏಳಡಿ ಎತ್ತರ ಬೆಳೆದಿದ್ದ. ಅವ್ವ ಪ್ರತಿ ವರ್ಷವೂ ಅದೇ ಜಾಗಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದುದರಿಂದ ಕಲೆಯೂ ದಪ್ಪವಾಗುತ್ತ ಹೋಯಿತು. ವರ್ಷದಿಂದ ವರ್ಷಕ್ಕೆ ಹೆಚ್ಚುವ ರಕ್ತವನ್ನು ನಾನು ಬೇರೆಲ್ಲೂ ಕಂಡಿಲ್ಲ, ಆದರೆ ಊರಿನಲ್ಲಿ ಯಾರಿಗೂ ಅದು ಅನುಮಾನ ಹುಟ್ಟಿಸಲಿಲ್ಲ. ಅವ್ವ ತೀರಿಕೊಂಡ ಮೇಲೆ ಅತ್ತಿಗೆ ಆ ಕಲೆಯನ್ನು ಮುಟ್ಟದೆ ಪಕ್ಕದಲ್ಲಿ ವಿಭೂತಿ ಹಚ್ಚುತ್ತಿದ್ದಳು.

ರಕ್ತದ ಮಾತು ಬಂದಾಗಲೆಲ್ಲ ನನಗೆ ಒಳಗೊಳಗೇ ನಗು. ಚಿಕ್ಕವರಿದ್ದಾಗ ಈಳಿಗೆಮಣೆಯಲ್ಲಿ ನನ್ನ ಬೆರಳು ಕುಯ್ದುಹೋಗಿ ರಕ್ತ ಸುರಿಯಿತು. ದಡಾರನೆ ಬಿದ್ದವನು ಅಣ್ಣ. ಅವ್ವ ಮೊದಲು ಅವನ ಮುಖಕ್ಕೆ ನೀರು ಚಿಮುಕಿಸಿ, ಗಾಳಿ ಬೀಸಿ, ಮಜ್ಜಿಗೆ ಕುಡಿಸಿ, ಆಮೇಲೆ ನನ್ನ ಬೆರಳಿಗೆ ಅರಿಸಿನ ಕಟ್ಟಿದಳು. ಮಿಲಿಟರಿಯಲ್ಲಿ ಅವನು ಇದ್ದದ್ದು ಸರಬರಾಜಿನ ಕಡೆ. ಗೋಧಿ, ಬೇಳೆ, ಸೀಮೆಎಣ್ಣೆ ಲಾರಿಗೆ ತುಂಬಿಸುವುದು, ಇಳಿಸುವುದು. ಇದೂ ನನಗೆ ಗೊತ್ತಿತ್ತು. ಹೀಗಿದ್ದೂ ಪೂಜೆಯ ದಿನ ನಾಲ್ಕು ಜನ ಸೇರಿದ್ದಾಗ ಅಣ್ಣ, 'ನಮ್ ಗಂಗೂಗೆ ಸೂಜಿ ಚುಚ್ಚೋರು ಬಂದ್ರೂ ಅಟ್ಟ ಹತ್ತಿ ಕೂತ್ಕತಾಳೆ' ಎಂದು ನನ್ನನ್ನು ಆಡಿಕೊಳ್ಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತ ಬೆರಳಿನ ಹಳೆಯ ಗಾಯವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ನಗು ಮುಗಿದರೂ ಒಳಗೆ ಏನೋ ಉಳಿಯುತ್ತಿತ್ತು, ಮೊಳೆಯ ಬುಡದ ಜಿಡ್ಡಿನ ಹಾಗೆ.

ಆ ವರ್ಷ ಹಬ್ಬದ ಹಿಂದಿನ ದಿನವೇ ತೌರಿಗೆ ಹೋದೆ. ಅಣ್ಣ ಬೆಳಿಗ್ಗೆಯೇ ಕೊಬ್ಬರಿ ಹೇರಿಕೊಂಡು ತಿಪಟೂರಿಗೆ ಹೋಗಿದ್ದ. ಅತ್ತಿಗೆ ಪೂಜೆಗೆ ಬೇಕಾದ ಸಾಮಾನೆಲ್ಲ ಹಜಾರದಲ್ಲಿ ಗುಡ್ಡೆ ಹಾಕಿ, 'ಗಂಗೂ, ಇವನ್ನೆಲ್ಲ ಒಂಚೂರು ಒರೆಸಿಡ್ತೀಯಾ' ಎಂದಳು. ನನಗೆ ಒಂಚೂರು ಒರೆಸು ಎಂದು ಹೇಳುವುದು ಎಮ್ಮೆಗೆ ಒಂದು ಗುಟುಕು ನೀರು ಕುಡಿ ಎಂದ ಹಾಗೆ.

ಕುಡುಗೋಲು, ಮಚ್ಚು ಆದವು. ಬಾನೆಟ್ಟು ಕೈಗೆ ಬಂತು. ಅಲಗಿಗೆ ಬೂದಿ ಹಾಕಿ ತಿಕ್ಕಿದೆ. ಹಿಡಿಗೆ ಬಂದರೆ, ಅಲ್ಲಿ ನನ್ನ ಹಳೆಯ ಶತ್ರು: ಮರವೂ ಕಬ್ಬಿಣವೂ ಕೂಡುವ ಸಂದಿಯಲ್ಲಿ ಕರ್ರಗೆ ಗಟ್ಟಿಯಾದ ಕೊಳೆ. ತೆಂಗಿನ ಕಡ್ಡಿ ಮೊನೆ ಮಾಡಿ ಕೆದಕಿದೆ, ಸಾಲಲಿಲ್ಲ. ಹಿಡಿಯೆಂದರೆ ಎರಡು ಮರದ ಹೋಳು, ಕಬ್ಬಿಣದ ಆ ಕಡೆ ಒಂದು ಈ ಕಡೆ ಒಂದು, ನಡುವೆ ಎರಡು ಸ್ಕ್ರೂ. ಸ್ಕ್ರೂ ತುಕ್ಕು ಹಿಡಿದಿದ್ದವು. ಅವುಗಳ ತಲೆಗೆ ಸೀಮೆಎಣ್ಣೆಯ ಹನಿ ಬಿಟ್ಟು, ಒಂದು ಎಲೆಅಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತು ಕಾದು, ಅತ್ತಿಗೆಯ ಹೊಲಿಗೆ ಮಿಷನ್ನಿನ ಸ್ಕ್ರೂ ಡ್ರೈವರಿನಿಂದ ಮೆಲ್ಲಗೆ ತಿರುಗಿಸಿದೆ. ಬಿಚ್ಚಿಕೊಂಡವು. ಒಳಗೆ ಪುಡಿಪುಡಿ ತುಕ್ಕು, ಯಾವ ದೇಶದ್ದೋ ಮಣ್ಣು, ಒಂದು ಸತ್ತ ಇರುವೆ. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ. ಕೆಲವರಿಗೆ ನಿಧಿ ಸಿಕ್ಕಿದಾಗ ಹೀಗಾಗುತ್ತದಂತೆ.

ಮರವನ್ನು ನೀರಿನಲ್ಲಿ ನೆನೆಸಬಾರದೆಂದು ಕಡಗೋಲು ತೊಳೆದು ಗೊತ್ತು, ಸೀಳು ಬಿಡುತ್ತದೆ. ಅಂಟುವಾಳದ ನೊರೆಯಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಎಳೆ ಹೋದ ದಿಕ್ಕಿಗೇ ಒರೆಸುತ್ತ ಬಂದೆ. ಒಂದು ಹೋಳು ಮುಗಿಯಿತು. ಇನ್ನೊಂದರಲ್ಲಿ ಕಲೆ ಇತ್ತು. ಅಲ್ಲಿ ಬಂದು ಕೈ ನಿಂತಿತು.

ಇಲ್ಲಿಯವರೆಗಿನದನ್ನೆಲ್ಲ ನನ್ನ ಸ್ವಭಾವದ ಮೇಲೆ ಹಾಕಿಬಿಡಬಹುದು. ಮುಂದಿನದನ್ನು ಹಾಕಲಾಗುವುದಿಲ್ಲ. ಕೈ ನಿಂತಿತ್ತಲ್ಲ, ನಿಂತ ಕೈಯನ್ನು ಮುಂದಕ್ಕೆ ದೂಡಿದವಳು ನಾನೇ. ಈ ಕಲೆ ಹೋದರೆ ಅಣ್ಣನಿಗೆ ಏನಾಗುತ್ತದೆ ಎಂಬುದು ಹೊಳೆಯದಷ್ಟು ಪೆದ್ದಿ ನಾನಲ್ಲ. ಹೊಳೆಯಿತು. ಹೊಳೆದ ಮೇಲೆ ಬಟ್ಟೆಯನ್ನು ಇನ್ನೊಮ್ಮೆ ನೊರೆಯಲ್ಲಿ ಅದ್ದಿದೆ. ಸೂಜಿಯ ಮಾತಿಗೆ ನಕ್ಕವರ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಒರೆಸಿದೆ. ಅವ್ವನ ಅಷ್ಟು ವರ್ಷಗಳ ಕುಂಕುಮ ಬಟ್ಟೆಗೆ ಇಳಿದು, ಕೆಳಗಿನಿಂದ ಮರದ ಎಳೆ ಎದ್ದು ಬಂತು. ಜೇನಿನ ಬಣ್ಣದ ಮರ, ನೀರಿನ ಅಲೆಯ ಹಾಗೆ ಗೆರೆಗಳು. ಅಷ್ಟು ಚಂದದ ಮರವನ್ನು ನಾನು ಕಂಡಿರಲಿಲ್ಲ. ಚಂದ ಕಂಡಾಗ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ, ಕೆಂಪಾದ ಬಟ್ಟೆಯನ್ನು ಯಾರಿಗೂ ಕಾಣದ ಹಾಗೆ ಮಡಿಲಿಗೆ ಎಳೆದುಕೊಂಡೆ.

ಅತ್ತಿಗೆ ಬಂದು ನೋಡಿದಳು. ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು.

'ಗಂಗೂ, ರಕ್ತ ಎಲ್ಲಿ?'

'ಹೋಯ್ತು ಅತ್ಗೆ.'

'ಹೋಯ್ತು ಅಂದ್ರೆ? ನಾಳೆ ಕಂದಿಕೆರೆಯಿಂದ ಬೀಗರ ಕಡೆಯೋರು ಬತ್ತಾವ್ರೆ ಕಣೇ. ಹುಡುಗನ ತಾತ ಆ ದೊಡ್ಡ ಯುದ್ಧಕ್ಕೆ ಹೋಗಿ ಬಂದೋರಂತೆ. ಬಾನೆಟ್ಟು ನೋಡ್ಬೇಕು ಅಂತ ಹೇಳಿ ಕಳಿಸವ್ರೆ. ನಿಮ್ಮಣ್ಣ ಒಂದು ವಾರದಿಂದ ಮೀಸೆಗೆ ಎಣ್ಣೆ ಹಾಕ್ತಾವ್ರೆ.'

ಅಣ್ಣನ ಮಗಳಿಗೆ ಸಂಬಂಧ ಕುದುರಿದ್ದು ನನಗೆ ತಿಳಿದಿತ್ತು. ಹುಡುಗನ ತಾತನ ಸುದ್ದಿ ತಿಳಿದಿರಲಿಲ್ಲ. ಹೊಸ ಬೀಗರ ಎದುರಿಗೆ, ಇಡೀ ಊರಿನ ಎದುರಿಗೆ, ಅಣ್ಣ ಒಂದು ಬರೀ ಮರದ ಹಿಡಿ ಹಿಡಿದುಕೊಂಡು ನಿಲ್ಲುವುದು ಕಣ್ಣಿಗೆ ಕಟ್ಟಿತು. ನನಗೆ ಬೇಕಾಗಿದ್ದದ್ದು ಅವನು ಒಂದು ಗೇಣು ಕುಗ್ಗುವುದು. ಇದು ಆಳುದ್ದ ಕುಗ್ಗುವ ಹಾಗೆ ಕಂಡಿತು.

'ಕುಂಕುಮ ಕಲಸ್ತೀನಿ ತಾಳು' ಎಂದು ಅತ್ತಿಗೆ ಒಳಗೆ ಓಡಿದಳು. ಕಲಸಿದ್ದೂ ಆಯಿತು, ಹಚ್ಚಿದ್ದೂ ಆಯಿತು. ಹೊಸ ಕುಂಕುಮ ಹೊಸ ಕುಂಕುಮದ ಹಾಗೆಯೇ ಕಂಡಿತು. ಹಣೆಗೆ ಇಟ್ಟುಕೊಳ್ಳಬಹುದಿತ್ತು, ಶತ್ರುವಿನದೆಂದು ಹೇಳುವ ಹಾಗಿರಲಿಲ್ಲ. ಒರೆಸಿ ತೆಗೆದೆವು. ಆಗ ಪಕ್ಕದ ರುದ್ರಣ್ಣನ ಹಿತ್ತಿಲಿನಿಂದ ಅಡಿಕೆ ಬೇಯುವ ವಾಸನೆ ಬಂತು.

ಅಡಿಕೆ ತೋಟದ ಮನೆಗೆ ಸೊಸೆಯಾಗಿ ಹೋದವಳಿಗೆ ಆ ವಾಸನೆ ಸಾಕು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಕೆಂಪು ರಸ ಉಳಿಯುತ್ತದೆ, ಚೊಗರು. ಅದನ್ನು ಕುದಿಸಿ ಗಟ್ಟಿ ಮಾಡಿ, ಬೆಂದ ಅಡಿಕೆಗೆ ಬಣ್ಣ ಬರಲೆಂದು ಹಚ್ಚುತ್ತಾರೆ. ಸೀರೆಗೆ ಬಿದ್ದರೆ ಆ ಸೀರೆಯನ್ನು ಹಿತ್ತಿಲಿಗೆ ಉಡಬೇಕು, ಬೇರೆ ದಾರಿಯಿಲ್ಲ. ನಾನು ಸೋತಿರುವ ಕಲೆ ಜಗತ್ತಿನಲ್ಲಿ ಅದೊಂದೇ. ಚೊಂಬು ಹಿಡಿದು ಬೇಲಿ ದಾಟಿದೆ. ರುದ್ರಣ್ಣನ ಹೆಂಡತಿ ಏಕೆಂದು ಕೇಳಿದಳು. ಹಳೇ ದುಪ್ಪಟಿಗೆ ಬಣ್ಣ ಹಾಕುತ್ತೇನೆ ಎಂದೆ. ಅಣ್ಣನದು ಮೀಸೆ ಸವರಿದಷ್ಟೇ, ನಾನು ಬಾಯಿಬಿಟ್ಟು ಹೇಳಿದೆ. ಮನೆತನದಲ್ಲಿ ಸುಳ್ಳು ಯಾರದೆಂದು ಯಾರಾದರೂ ಕೇಳಿದರೆ ಇಷ್ಟು ನೆನಪಿರಲಿ.

ಬೆರಳ ತುದಿಯಷ್ಟು ಬಟ್ಟೆ ಅದ್ದಿ, ಹೆಬ್ಬೆಟ್ಟಿನ ಜಾಗದಲ್ಲಿ ಮುಟ್ಟಿಸಿದೆ. ಎಣ್ಣೆ, ಕೊಳೆ ಎಲ್ಲ ಕಳೆದುಕೊಂಡು ಒಣಗಿ ಕೂತಿದ್ದ ಮರಕ್ಕೆ ಎಷ್ಟು ದಾಹವಿತ್ತೋ. ಹೀರಿಕೊಂಡಿತು. ಹೆಬ್ಬೆಟ್ಟಿನಷ್ಟಿದ್ದದ್ದು ಅಂಗೈಯಷ್ಟಾಯಿತು. ಅಂಚು ಒರೆಸಲು ಹೋದೆ, ಎಳೆ ಹಿಡಿದು ತುದಿಯವರೆಗೆ ಹರಿಯಿತು. ಅರ್ಧ ಕೆಂಪು ಅರ್ಧ ಹಳದಿ ಕಂಡರೆ ಅಸಹ್ಯವೆಂದು ಪೂರ್ತಿ ಹಚ್ಚಿದೆ. ಆಗ ಆ ಕಡೆಯ ಹೋಳು ಬೋಳಾಗಿ ಕಂಡಿತು. ಅದಕ್ಕೂ ಹಚ್ಚಿದೆ. ಒಂದು ಕಿವಿಗೆ ಮಾತ್ರ ಓಲೆ ಹಾಕಿ ಯಾರಾದರೂ ಬಿಡುತ್ತಾರೆಯೇ. ಒಣಗಿಸಿ, ಸ್ಕ್ರೂ ಬಿಗಿದು, ಕೈಯಳತೆ ದೂರ ಹಿಡಿದು ನೋಡಿದೆವು. ಮೊನ್ನೆಯವರೆಗೆ ಒಬ್ಬ ಶತ್ರುವನ್ನು ಕೊಂದಿದ್ದ ಅಣ್ಣ ಈಗ ಒಂದು ತುಕಡಿಯನ್ನೇ ಮುಗಿಸಿದ್ದ.

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ಅವಳಿಗೇ ಗೊತ್ತಿರಲಿಲ್ಲ.

ಅಣ್ಣ ದೀಪ ಹಚ್ಚುವ ಹೊತ್ತಿಗೆ ಬಂದ. ಕಾಲು ತೊಳೆದು, ಸಾಲಾಗಿ ಇಟ್ಟಿದ್ದನ್ನು ನೋಡುತ್ತ ಬಂದು ಬಾನೆಟ್ಟಿನ ಮುಂದೆ ನಿಂತ. ಕೈಗೆ ತೆಗೆದುಕೊಂಡ. ದೀಪದ ಹತ್ತಿರ ಹಿಡಿದ. ಮೂಗಿನ ಹತ್ತಿರ ಹಿಡಿದ.

'ಇದು ಚೊಗರು ಕಣೇ.'

'ಹೂಂ ಅಣ್ಣಯ್ಯ.'

'ಮೊದ್ಲಿದ್ದಿದ್ದು ಏನು ಅಂತ ನಿಂಗೆ ಗೊತ್ತಿತ್ತಲ್ವಾ.'

'ಗೊತ್ತಿತ್ತು.'

'ಗೊತ್ತಿದ್ದೂ ತಿಕ್ಕಿದೆ.'

ಅವನು ಬೈದಿದ್ದರೆ ನನಗೆ ಉತ್ತರ ಬರುತ್ತಿತ್ತು. ಬೈಯಲಿಲ್ಲ. ಅಲ್ಲೇ ಕಂಬಕ್ಕೆ ಒರಗಿ ಕೂತು, ಬಾನೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ:

'ನಾನು ಯಾರಿಗೂ ರಕ್ತ ಅಂತ ಹೇಳಿರ್ಲಿಲ್ಲ ಗಂಗೂ. ಅವ್ರು ಅಂದ್ರು, ಸುಮ್ಕಿದ್ದೆ. ವಯಸ್ಸೆಲ್ಲ ಅಲ್ಲಿ ಗೋಧಿ ಮೂಟೆ ಎಣಿಸ್ದೆ ಅಂದ್ರೆ ಇಲ್ಲಿ ಯಾರು ನಿಂತು ಕೇಳ್ತಾರೆ? ಮೂಟೆ ಎಣಿಸೋರು ತಿಪಟೂರಲ್ಲಿ ಬೀದಿಗೊಬ್ರು ಅವ್ರೆ. ವರ್ಷಕ್ಕೊಂದ್ ದಿನ ನಾಲ್ಕ್ ಜನ ಬಂದು ಪಕ್ಕದಲ್ಲಿ ಕೂತ್ಕತಿದ್ರು. ಅಷ್ಟೇಯ.'

ಓದುಗರೇ, ಕೊಳೆಯಲ್ಲಿ ಎಷ್ಟೋ ಜಾತಿ ಇದೆ ಎಂದು ತಿಳಿದಿದ್ದೆ, ಎಲ್ಲಕ್ಕೂ ಮದ್ದು ಗೊತ್ತಿತ್ತು. ಒಬ್ಬ ಮನುಷ್ಯ ಆತುಕೊಂಡು ಕೂತಿರುವ ಕೊಳೆಯೂ ಒಂದಿರುತ್ತದೆ ಎಂಬುದು ಆ ತನಕ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಆ ರಾತ್ರಿ ಊಟದ ಪಾತ್ರೆಗಳನ್ನು ಅತ್ತಿಗೆಯೇ ತೊಳೆದಳು. ನಾನು ಕೈ ಮಡಿಚಿಕೊಂಡು ಕೂತಿದ್ದೆ.

ಮಾರನೇ ದಿನ ಪೂಜೆ ಮುಗಿಯಿತು. ಕಂದಿಕೆರೆಯ ತಾತ ಉದ್ದನೆಯ ಆಳು, ಬೆನ್ನು ಇನ್ನೂ ನೆಟ್ಟಗಿತ್ತು. ಹಜಾರ ತುಂಬ ಜನ. ತಾತ ಹೂವು ಸರಿಸಿ ಬಾನೆಟ್ಟನ್ನು ಎತ್ತಿಕೊಂಡರು. ಅಲಗನ್ನು ನೋಡಲಿಲ್ಲ. ಹಿಡಿ ನೋಡಿದರು. ಸಂದಿಯೊಳಗೆ ಉಗುರು ಆಡಿಸಿ, ಉಗುರನ್ನು ನೋಡಿಕೊಂಡರು. ಉಗುರು ಕ್ಲೀನಾಗಿತ್ತು. ಬಾಗಿಲ ಹಿಂದೆ ನಿಂತಿದ್ದ ನನಗೆ ಅಷ್ಟು ಗಾಬರಿಯಲ್ಲೂ ಹೆಮ್ಮೆಯಾದದ್ದನ್ನು ಮುಚ್ಚಿಡುವುದಿಲ್ಲ.

'ತಾತಾರೆ, ಅದು ರಕ್ತ' ಎಂದ ರುದ್ರಣ್ಣ, ಮುಂದಕ್ಕೆ ಬಗ್ಗಿ. 'ಹೋದ ವರ್ಷ ಹೆಬ್ಬೆಟ್ಟಷ್ಟಿತ್ತು. ಈ ನವಮಿಗೆ ಹಿಡಿ ತುಂಬಾ ಉಕ್ಕೈತೆ ನೋಡಿ. ಅಮ್ಮನ ಮಹಿಮೆ.' ಉಕ್ಕಿದ್ದು ಅವನ ಮನೆಯ ಹಂಡೆಯಿಂದ. ಅವನ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಒಮ್ಮೆ ಹಿಡಿ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಆಮೇಲೆ ಕೈ ಮುಗಿದಳು.

ತಾತ ಹೆಬ್ಬೆರಳಿನಿಂದ ಹಿಡಿಯನ್ನು ಉಜ್ಜಿದರು. ಬೆರಳಿಗೆ ಬಣ್ಣ ಹತ್ತಿತು. ಮೂಸಿದರು. ಅವರದೂ ಅಡಿಕೆ ತೋಟ ಎಂದು ಅತ್ತಿಗೆ ಅದಾಗಲೇ ನನ್ನ ಕಿವಿಯಲ್ಲಿ ಹೇಳಿದ್ದಳು. ತಾತ ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು, ಎಲೆಯ ಬೆನ್ನಿಗೆ ಬೆರಳು ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಆಮೇಲೆ ಅಣ್ಣನ ಕಡೆ ತಿರುಗಿದರು.

'ಎಲ್ಲಿದ್ರಿ ನೀವು, ಯಾವ ಕೆಲಸದಲ್ಲಿ?'

ಅಣ್ಣನ ಕೈ ಮೀಸೆಗೆ ಹೋಯಿತು. ಕೈ ಅರ್ಧದಲ್ಲಿ ನಿಂತು ಕೆಳಗಿಳಿಯಿತು.

'ಸರಬರಾಜಲ್ಲಿದ್ದೆ. ಗೋಧಿ, ಬೇಳೆ ಲಾರಿಗೆ ಹಾಕೋದು, ಇಳಿಸೋದು. ಅಷ್ಟು ಬಿಟ್ರೆ ಏನಿಲ್ಲ.'

ತಾತ ಅಗಿಯುವುದನ್ನು ನಿಲ್ಲಿಸಿದರು.

'ಆ ಲಾರಿ ಸದ್ದಿಗೆ ನಾವು ಕಿವಿ ಕೊಟ್ಟು ಕೂತಿರ್ತಿದ್ವಿ' ಎಂದರು. 'ಬರದೆ ಇದ್ದ ದಿನಾನೂ ಉಂಟು.' ಬಾನೆಟ್ಟನ್ನು ಕೆಳಗಿಟ್ಟು, ಚಾಪೆಯಲ್ಲಿ ಸರಿದು ಅಣ್ಣನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ರುದ್ರಣ್ಣ ಮಾತ್ರ ತನ್ನ ಪಕ್ಕದವನ ಕಿವಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ: 'ಬಸಣ್ಣ ಯಾವತ್ತೂ ಹಿಂಗೇ ಕಣ್ಲಾ. ಕೊಚ್ಕಳೋ ಮನುಷ್ಯ ಅಲ್ಲ. ಗೋಧಿ ಮೂಟೆ ಅಂತೆ.' ಎಲ್ಲರೂ ತಲೆದೂಗಿದರು. ಅಣ್ಣ ಬಾಯಿ ತೆರೆದ, 'ಇಲ್ಲ ಕಣ್ಲಾ, ನಿಜವಾಗ್ಲೂ' ಎಂದ. ಅವರು ಇನ್ನಷ್ಟು ಗೌರವದಿಂದ ತಲೆದೂಗಿದರು. ಬಾಯಿಬಿಟ್ಟು ನಿಜ ಹೇಳಿದ ದಿನವೇ ಅವನು ಊರಿಗೆ ಪೂರ್ತಿ ವೀರನಾದ.

ಸಂಜೆ ನನ್ನ ಚೀಲ ಹಿಡಿದುಕೊಂಡು ಅಣ್ಣ ಬಸ್ಸಿನವರೆಗೆ ಬಂದ. ಬಸ್ಸು ತಿರುವಿನಲ್ಲಿ ಕಂಡಾಗ ಚೀಲ ಕೈಗೆ ಕೊಟ್ಟು, ಬೇರೆಲ್ಲೋ ನೋಡುತ್ತ ಹೇಳಿದ:

'ಬರೋ ವರ್ಷ ಒಂದಿನ ಮುಂಚೆ ಬಾ. ಆ ರಸ ತಗಂಬಾ. ಒಂದ್ ಕಡೆ ಮಾತ್ರ ಹಚ್ಚು ಕಣೇ, ಎರಡೂ ಕಡೆ ಆದ್ರೆ ಅನುಮಾನ ಬತ್ತದೆ.'

ಅಂದಿನಿಂದ ನವಮಿಗೆ ಮುಂಚೆ ನಾನು ಚೊಂಬು ಹಿಡಿದು ತೌರಿಗೆ ಹೋಗುತ್ತೇನೆ. ಸ್ಕ್ರೂ ಬಿಚ್ಚಿ, ಒಂದು ಹೋಳಿಗೆ ಚೊಗರು ಹಚ್ಚುತ್ತೇನೆ. ಇನ್ನೊಂದನ್ನು ಆ ಹಳೆಯ ಬಣ್ಣ ಹೋಗುವವರೆಗೆ, ನನ್ನ ಬೆರಳು ಸವೆಯುವವರೆಗೆ ತಿಕ್ಕುತ್ತೇನೆ. ವರ್ಷವರ್ಷವೂ ಕೊಂಚ ಕೊಂಚವಾಗಿ ಜೇನಿನ ಬಣ್ಣ ತಿರುಗಿ ಬರುತ್ತಿದೆ. ಜನ ಬರುವ ಮೊದಲು ಅಣ್ಣ ಆ ಹೋಳನ್ನೊಮ್ಮೆ ಅಂಗೈಯಲ್ಲಿ ಸವರಿ, ಆ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಾನೆ.